ಮೂರನೆಯ ಷರತ್ತು

ನನ್ನ ಅಕ್ಷರ ಚೆಂದ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಈ ವಿಷಯದಲ್ಲಿ ನನ್ನ ಬಗ್ಗೆ ಹೇಳಿಕೊಳ್ಳಬಹುದಾದ ಒಳ್ಳೆಯ ಮಾತು ಇದೊಂದೇ, ಅದಕ್ಕೆ ಮೊದಲೇ ಹೇಳಿ ಮುಗಿಸುತ್ತೇನೆ. ನನ್ನ ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಪತ್ರ ಬರೆಯುತ್ತಿದ್ದವರು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ನೆಲೆಸಿದ ನಮ್ಮಂಥ ಎಷ್ಟೋ ಮನೆಗಳ ಜಮೀನಿನ ಪತ್ರ ಅವರ ಕೈಯಿಂದಲೇ ಆಗಿದೆ. ಅವರ ಪಕ್ಕ ಕೂತು ನಾನೂ ಕಲಿತೆ, ಅವರು ಹೋದ ಮೇಲೆ ಅದೇ ಮೇಜಿನಲ್ಲಿ ಬಹಳ ವರ್ಷ ಬರೆದೆ. ಸದರಿ, ತಕ್ಕದ್ದು, ಉಭಯ ಪಕ್ಷದವರು, ಇವೆಲ್ಲ ನನಗೆ ಉಪ್ಪು ಹುಳಿಯಷ್ಟು ಬಳಕೆಯ ಮಾತುಗಳು. ಕಂಪ್ಯೂಟರ್ ಬಂದು ನನ್ನ ಕೈಬರಹ ಯಾರಿಗೂ ಬೇಡವಾದಾಗ ಟೀಚರ್ ನನ್ನನ್ನು ಸಂಸ್ಥೆಗೆ ಕರೆದರು.

ಸಂಸ್ಥೆ ಎಂದರೆ ಸುಂಟಿಕೊಪ್ಪದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ, ಮೂವರು ಹೆಂಗಸರು, ಒಂದು ಮೊಹರು. ಗಂಡನ ಕೈಯಲ್ಲಿ ಪೆಟ್ಟು ತಿನ್ನುವ ಹೆಂಗಸರ ಪರವಾಗಿ ನಿಲ್ಲೋಣ ಎಂದು ಶುರು ಮಾಡಿದ್ದು. ಟೀಚರ್ ಅಧ್ಯಕ್ಷೆ. ಕೊಡವರು, ನಿವೃತ್ತ ಹೆಡ್‌ಮಿಸ್ಟ್ರೆಸ್, ಮದುವೆಯಾದವರಲ್ಲ. "ಸಂಸಾರವೇ ಮಾಡದವರು ನಮ್ಮ ಸಂಸಾರ ರಿಪೇರಿ ಮಾಡ್ತಾರಂತೆ" ಎಂದು ಕೆಳಗೆ ಅಂಗಡಿಯಲ್ಲಿ ಗಂಡಸರು ನಗುವುದು ಮೆಟ್ಟಿಲವರೆಗೂ ಕೇಳುತ್ತಿತ್ತು. ಎರಡನೆಯವರು ಸಿಸ್ಟರ್, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಮನೆಮಾತು ಮಲಯಾಳಂ. ಹನ್ನೆರಡು ವರ್ಷ ಗಂಡನಿಂದ ಹೊಡೆಸಿಕೊಂಡು ಕೊನೆಗೆ ಅವನನ್ನು ಮಣ್ಣು ಮಾಡಿ ಬಂದವರು. ಇದೇನೂ ಗುಟ್ಟಲ್ಲ, ಅವರೇ ಹೇಳುತ್ತಿದ್ದರು. ಮೂರನೆಯವಳು ನಾನು, ಕಾರ್ಯದರ್ಶಿ. ನನ್ನ ಯಜಮಾನರು ಇವತ್ತಿನವರೆಗೂ ನನ್ನ ಮೇಲೆ ದನಿ ಎತ್ತಿದವರಲ್ಲ, ಎತ್ತುವುದೆಲ್ಲ ನಾನೇ. ಅಂಥವಳಿಗೆ ಪೆಟ್ಟಿನ ವಿಷಯ ಏನು ಗೊತ್ತು? ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಠಾಣೆ, ಕೋರ್ಟು ಅಂದರೆ ಬಂದ ಹೆಂಗಸರೇ ಹೆದರಿ ಎದ್ದು ಹೋಗುತ್ತಿದ್ದರು. "ಅವ್ರಿಗೆ ಸ್ವಲ್ಪ ಬುದ್ಧಿ ಹೇಳಿ, ಸಾಕು" ಅನ್ನುತ್ತಿದ್ದರು. ಹಾಗಾಗಿ ಗಂಡನನ್ನು ಕರೆಸುವುದು, ಕೂರಿಸಿ ಮಾತಾಡುವುದು, ಇನ್ನು ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿ ಸಹಿ ಹಾಕಿಸುವುದು ನಮ್ಮ ಪದ್ಧತಿಯಾಯಿತು. ಬರೆಯುವವಳು ನಾನು. ಮೊದಲು ಇದ್ದದ್ದು ಎರಡೇ ಷರತ್ತು. ಒಂದು, ಸದರಿ ಗಂಡನು ಹೆಂಡತಿಯನ್ನು ಕೈಯಿಂದಾಗಲಿ ಕೋಲಿನಿಂದಾಗಲಿ ಹೊಡೆಯತಕ್ಕದ್ದಲ್ಲ. ಎರಡು, ಅವಳನ್ನಾಗಲಿ ಅವಳ ತವರಿನವರನ್ನಾಗಲಿ ಅವಾಚ್ಯವಾಗಿ ಬೈಯತಕ್ಕದ್ದಲ್ಲ.

ಒಂದು ದಿನ ಯಾರದೋ ಅತ್ತೆ ಬಂದು ಮೇಜು ಕುಟ್ಟಿದಳು. "ನನ್ ಮಗ ಮಾತ್ರ ಸೈನ್ ಹಾಕ್ಬೇಕಾ? ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ?" ನನಗೆ ಅದು ನ್ಯಾಯ ಅನ್ನಿಸಿಬಿಟ್ಟಿತು. ಒಂದೇ ಕಡೆಗೆ ವಾಲಿದ ಪತ್ರ ನಿಲ್ಲುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರಲ್ಲ. ಅಲ್ಲೇ ಕೂತು ಮೂರನೆಯದನ್ನು ಸೇರಿಸಿದೆ: ಸದರಿ ಹೆಂಡತಿಯು ಗಂಡನನ್ನು ಕೇಳದೆ ಮನೆ ಬಿಟ್ಟು ಎಲ್ಲಿಗೂ ಹೋಗತಕ್ಕದ್ದಲ್ಲ. ಇಬ್ಬರ ಸಹಿಯನ್ನೂ ಹಾಕಿಸಿದೆ.

"ಅದು ಬೇಡ," ಎಂದರು ಸಿಸ್ಟರ್. ಅಷ್ಟೇ ಅಂದದ್ದು. ಯಾಕೆ ಎಂದು ನಾನು ಕೇಳಬೇಕಿತ್ತು. ನಮ್ಮ ಮೂವರಲ್ಲಿ ಕೇಳಿಸಿಕೊಳ್ಳಬೇಕಾದ ಬಾಯಿ ಅದೊಂದೇ ಆಗಿತ್ತು. "ಇದಿಲ್ದಿದ್ರೆ ಗಂಡಸ್ರು ಸೈನ್ ಹಾಕಲ್ಲ ಕಣ್ರೀ ಸಿಸ್ಟರ್. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು," ಎಂದೆ ನಾನು ದೊಡ್ಡ ಜಾಣೆಯಂತೆ. ಟೀಚರ್ ಹೂಂ ಎಂದರು. ಆಮೇಲೆ ಗಂಡಸರು ತಕರಾರಿಲ್ಲದೆ ಸಹಿ ಹಾಕತೊಡಗಿದರು, ನಾವೂ ಬೀಗಿದೆವು. ಹಾವು ಸಾಯಲಿಲ್ಲ, ಅದಂತೂ ನಿಜ.

ಆ ಹುಡುಗಿ ಬಂದದ್ದು ಇದಾದ ಮೇಲೆ. ಹುಡುಗಿ ಅನ್ನುತ್ತೇನೆ, ಇಪ್ಪತ್ತೆಂಟು ದಾಟಿತ್ತು. ಹಾಸನದ ಕಡೆಯವಳು, ತವರಿನಲ್ಲಿ ಹೇಳಿಕೊಳ್ಳುವಂಥವರು ಯಾರೂ ಉಳಿದಿರಲಿಲ್ಲ, ಮಕ್ಕಳಾಗಿರಲಿಲ್ಲ. ಗಂಡ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವವನು, ಅವರಿಗೆ ಕೆಲಸ ಹಂಚುವವನು. ಇವಳು ಗೊಬ್ಬರ ಕೊಳ್ಳುವ ನೆಪದಲ್ಲಿ ಮೆಟ್ಟಿಲು ಹತ್ತಿ ಬಂದು ತೋಳು ತೋರಿಸಿದಳು. ಮೊಣಕೈಯಿಂದ ಮೇಲೆ ಕಪ್ಪು, ಹಳದಿ, ಮತ್ತೆ ಕಪ್ಪು. ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲ. "ಸುಳ್ಳು ಹೇಳೋಕೆ ಬರಲ್ಲ ಅಕ್ಕ ನಂಗೆ, ಅದಕ್ಕೇ ಜಾಸ್ತಿ ಹೊಡೀತಾರೆ," ಎಂದು ಅವಳೇ ನಕ್ಕಳು.

ಗಂಡನನ್ನು ಕರೆಸಿದೆವು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟ, ಕೈ ಮುಗಿದ, ತಪ್ಪಾಯಿತು ಎಂದ. ನಾನು ಬರೆದದ್ದನ್ನು ಎರಡು ಸಲ ಓದಿದ. "ಅಕ್ಷರ ಮುತ್ತಿನ ಹಾಗೆ ಉಂಟು ಮೇಡಂ," ಎಂದ, ನನಗೆ ಖುಷಿಯಾಯಿತು. ಥೂ, ನನ್ನ ಬುದ್ಧಿಗಿಷ್ಟು! ಇವಳೂ ಓದಿದಳು, ಮೂರನೆಯ ಸಾಲಿನ ಮೇಲೆ ಬೆರಳಿಟ್ಟು "ಆಸ್ಪತ್ರೆಗೂ ಕೇಳ್ಬೇಕಾ ಅಕ್ಕ?" ಎಂದಳು. "ಅಯ್ಯೋ, ಎಲ್ಲಾ ಮನೇಲೂ ಕೇಳೇ ಹೋಗೋದು ತಾನೇ, ಹಾಕಮ್ಮ," ಎಂದೆ. ಹಾಕಿದಳು. ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟು ಮೊಹರು ಒತ್ತಿದೆ.

ಎಂಟು ತಿಂಗಳು ಅವಳು ಬರಲಿಲ್ಲ. ಬರಲಿಲ್ಲ ಅಂದರೆ ಎಲ್ಲ ಸರಿಯಾಗಿದೆ ಎಂದು ನಮ್ಮ ಲೆಕ್ಕ. ಕುಶಾಲನಗರದಲ್ಲಿ ಮಹಿಳಾ ಸಂಘದ ಸಭೆಯಲ್ಲಿ ಮೈಕು ಹಿಡಿದು ಆ ಮನೆಯನ್ನೇ ಉದಾಹರಣೆ ಕೊಟ್ಟು ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಸಿಸ್ಟರ್ ಮಾತ್ರ ಆಗಾಗ "ಒಮ್ಮೆ ಹೋಗಿ ನೋಡಿ ಬರುವಾ" ಅನ್ನುತ್ತಿದ್ದರು. ಚೆನ್ನಾಗಿರುವ ಸಂಸಾರದೊಳಗೆ ಕಡ್ಡಿ ಆಡಿಸಬಾರದು ಎಂದು ನಾನೇ ತಡೆದೆ.

ಮಡಿಕೇರಿಯ ಆಸ್ಪತ್ರೆಯಿಂದ ಸಿಸ್ಟರ್‌ಗೆ ಹಳೆಯ ಜೊತೆಗಾರ್ತಿಯೊಬ್ಬರು ಫೋನ್ ಮಾಡಿದ್ದರಿಂದ ವಿಷಯ ತಿಳಿಯಿತು. ಮೂವರೂ ಬಸ್ಸು ಹತ್ತಿ ಹೋದೆವು. ಮುಖದ ಎಡಭಾಗ ಊದಿತ್ತು, ಕಿವಿಗೆ ಹತ್ತಿ. ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಗಂಡ ಹೇಳಿಕೊಟ್ಟಂತೆ ಬರೆಸಿದ್ದಳು. ನಮ್ಮೆದುರು ಅದೂ ಅವಳಿಂದ ಆಗಲಿಲ್ಲ. "ಹಾಜರಿ ಪುಸ್ತಕ್ದಲ್ಲಿ ಹೊಡೆದ್ರು, ದಪ್ಪ ರಟ್ಟಿಂದು," ಎಂದಳು. ಪುಸ್ತಕ ಎಂದು ನಾನು ಷರತ್ತಿನಲ್ಲಿ ಬರೆದಿರಲಿಲ್ಲವಲ್ಲ, ನನಗೆ ಮೊದಲು ಹೊಳೆದದ್ದು ಅದು. ಪತ್ರ ಬರೆದು ಬರೆದು ನನ್ನ ತಲೆಯೇ ಹಾಗಾಗಿದೆ.

"ಮುಂಚೇನೇ ಬರಬಾರ್ದಿತ್ತೇನೇ ತಾಯಿ?" ಎಂದು ಟೀಚರ್ ಅವಳ ಕೈ ಹಿಡಿದುಕೊಂಡರು.

"ಬರೋಣ ಅಂತ ಕೇಳ್ದೆ ಟೀಚರ್. ನಾಕು ಸಲ ಕೇಳ್ದೆ. ಬೇಡ ಅಂದ್ರು." ಅವಳು ನನ್ನ ಕಡೆ ತಿರುಗಿದಳು. "ಕೇಳ್ದೆ ಹೋಗಲ್ಲ ಅಂತ ಸೈನ್ ಹಾಕಿದ್ನಲ್ಲ ಅಕ್ಕ."

ನಾನು ಮಂಚದ ಮೇಲೆ ಕೂತು, ಅದೆಲ್ಲ ಬರೀ ಕಾಗದ ಕಣಮ್ಮ, ಕಾನೂನಲ್ಲ, ಕೋರ್ಟಲ್ಲ, ನಿನ್ನನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಸರಿಯಿದ್ದ ಕಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಹಂಗಾದ್ರೆ ಅವ್ರು ಹೊಡೆಯಲ್ಲ ಅಂತ ಬರೆದಿದ್ದೂ ಬರೀ ಕಾಗ್ದನೇನಾ ಅಕ್ಕ?"

ಹೌದು ಎಂದೆ. ಅವಳು ಗೋಡೆ ಕಡೆ ಮುಖ ಮಾಡಿದಳು.

ಈ ಸಲ ಬಿಡುವುದಿಲ್ಲ, ಠಾಣೆಗೇ ಹೋಗೋಣ, ಅಲ್ಲಿಂದ ನನ್ನ ಮನೆಗೇ ಬಂದು ಇರು ಎಂದು ಟೀಚರ್ ಹಟ ಹಿಡಿದರು. ನಾನು ರೂಢಿಯಂತೆ ಚೀಲದಿಂದ ಹಾಳೆ, ಪೆನ್ನು ತೆಗೆದು, "ಒಂದು ದೂರು ಬರ್ಕೊಡ್ತೀನಿ, ಸೈನ್ ಹಾಕು," ಎಂದೆ. ಅವಳು ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು. ಆ ಕೈ ಮತ್ತೆ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಗಂಡ ಬಂದ, ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು. ನಮ್ಮನ್ನು ನೋಡಿ ಗಾಬರಿಯಾಗಲಿಲ್ಲ, ಕೈ ಮುಗಿದ. ಟೀಚರ್ ಬಾಯಿಗೆ ಬಂದಂತೆ ಬೈದರು, ಅಕ್ಕಪಕ್ಕದ ಮಂಚದವರೆಲ್ಲ ಎದ್ದು ಕೂತರು. ಅವನು ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡ. ಆಮೇಲೆ ಜೇಬಿನಿಂದ ಪ್ಲಾಸ್ಟಿಕ್ ಕವರಿನೊಳಗಿದ್ದ ಮುಚ್ಚಳಿಕೆ ತೆಗೆದ. "ನನ್ನದು ತಪ್ಪೇ ಟೀಚರ್, ಒಪ್ತೇನೆ. ಆದ್ರೆ ಕೇಳದೆ ಎಲ್ಲಿಗೂ ಹೋಗುದಿಲ್ಲ ಅಂತ ಇವಳು ನಿಮ್ಮ ಮುಂದೆಯೇ ಸೈನ್ ಹಾಕಿದ್ದಾಳೆ. ನೀವೇ ಬರ್ದದ್ದು ಅಲ್ವಾ ಮೇಡಂ?" ಟೀಚರ್ ಅದನ್ನು ಕಿತ್ತುಕೊಂಡು, ಕವರಿನಿಂದ ಎಳೆದು, ನಾಲ್ಕು ಚೂರು ಮಾಡಿ ಅವನ ಕಾಲ ಬಳಿ ಎಸೆದರು.

"ಪರವಾಗಿಲ್ಲ ಟೀಚರ್, ಜೆರಾಕ್ಸ್ ಉಂಟು," ಎಂದು ಅವನು ಬಗ್ಗಿ ಚೂರುಗಳನ್ನು ಹೆಕ್ಕಿಕೊಂಡ.

ಮೂರನೆಯ ದಿನ ಅವಳು ಅವನ ಜೊತೆಯೇ ಎಸ್ಟೇಟಿಗೆ ಹೋದಳು. ನಾವು ಕೋಣೆಯಲ್ಲಿ ಸೇರಿದೆವು, ಯಾರಿಗೂ ಯಾರ ಮುಖವೂ ನೋಡಲು ಮನಸ್ಸಿಲ್ಲ. ಸಿಸ್ಟರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಈ ಮೂರನೇದು ಹಾಕಿದ ಎಲ್ಲಾ ಹೆಂಗಸರಿಗೂ ಹೇಳಬೇಕು, ಅದು ಇಲ್ಲ ಅಂತ," ಎಂದರು. ಟೀಚರ್ ಕಾಗದ ಕಳಿಸೋಣ ಎಂದಾಗ "ಪುನಃ ಕಾಗದವಾ?" ಎಂದು ಸಿಸ್ಟರ್ ನಕ್ಕ ನಗು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಕೊನೆಗೆ ಫೋನ್ ಮಾಡುವುದೆಂದಾಯಿತು. ಕಡತ ಬಿಚ್ಚಿ ಒಂದೊಂದೇ ನಂಬರಿಗೆ ಮಾಡಿದೆ. ಹೆಚ್ಚಿನವನ್ನು ಎತ್ತಿದ್ದು ಗಂಡಸರು. ಮುಚ್ಚಳಿಕೆಯಲ್ಲಿ ನಾನು ಬರೆದುಕೊಂಡಿದ್ದದ್ದೇ ಗಂಡಂದಿರ ನಂಬರು. "ಏನ್ ವಿಷ್ಯ, ನನ್ಹತ್ರನೇ ಹೇಳಿ," ಅನ್ನುತ್ತಿದ್ದರು. ಏನು ಹೇಳುವುದು? ಕ್ಷೇಮ ವಿಚಾರಿಸಲು ಮಾಡಿದೆ ಎಂದು ಇಟ್ಟುಬಿಡುತ್ತಿದ್ದೆ.

ಅವಳದು ಮಾತ್ರ ಅವಳದೇ ನಂಬರು, ಆಸ್ಪತ್ರೆಯಲ್ಲಿ ಸಿಸ್ಟರ್ ಬರೆದುಕೊಂಡಿದ್ದರು. ಕಾಫಿ ಪಿಕ್ಕಿಂಗ್ ಜೋರಾಗಿದ್ದ ದಿನಗಳು. ರೈಟರ್ ಬೆಳಗ್ಗೆಯೇ ತೋಟಕ್ಕೆ ಇಳಿದಿರುತ್ತಾನೆ ಎಂದು ಹತ್ತು ಗಂಟೆಗೆ ಮಾಡಿದೆ. ಅವಳೇ ಎತ್ತಿದಳು.

"ಒಬ್ಳೇ ಇದೀಯಾ?"

"ಹೂಂ ಅಕ್ಕ."

"ಹಂಗಾದ್ರೆ ಈಗ್ಲೇ ಹೊರಡು. ನಾವು ಜೀಪ್ ತಗೊಂಡು ಗೇಟಿನ ಹತ್ರ ಬರ್ತೀವಿ. ಬಟ್ಟೆ ಬರೆ ಏನೂ ಬೇಡ. ಯಾವ ಕಾಗ್ದನೂ ಇಲ್ಲ, ಸೈನೂ ಇಲ್ಲ. ಟೀಚರ್ ಮನೇಲಿ ಇರು, ನಿಂಗೆ ಎಷ್ಟು ದಿನ ಬೇಕೋ ಅಷ್ಟು ದಿನ. ನನ್ನಾಣೆ, ಬಾ ತಾಯಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಅವ್ರು ಬರ್ಲಿ ಅಕ್ಕ. ಕೇಳಿ ಹೇಳ್ತೀನಿ."

ಬೇಡ, ಕೇಳಬೇಡ, ಮಾರಾಯ್ತಿ, ಅವನನ್ನು ಕೇಳಬೇಡ ಎಂದು ನಾನು ಕಿರುಚುವಷ್ಟರಲ್ಲಿ ಫೋನ್ ಇಟ್ಟಿದ್ದಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಮೂವರೂ ಬಿದ್ದೆವೋ ಕೆಟ್ಟೆವೋ ಎಂದು ಮೆಟ್ಟಿಲಿಳಿದು ಸಿಕ್ಕ ಜೀಪು ಹತ್ತಿದೆವು. ಎಸ್ಟೇಟಿನ ಗೇಟಿನಲ್ಲಿ ವಾಚ್‌ಮನ್ ಯಾರು, ಏನು, ಯಾರನ್ನು ನೋಡಬೇಕು ಎಂದು ಹೊತ್ತು ಮಾಡಿದ. ಒಳಗೆ ಹೋಗಿ ಕ್ವಾರ್ಟರ್ಸ್ ಮುಂದೆ ಇಳಿದಾಗ ಬಾಗಿಲ ಹೊರಗೆ ಗಂಡನ ಬೂಟು ಬಿಚ್ಚಿಟ್ಟಿತ್ತು. ಬೆಳಗ್ಗೆಯೇ ತೋಟಕ್ಕೆ ಇಳಿಯುವವನು ಹತ್ತರ ಮೇಲೆ ತಿಂಡಿಗೆ ಮನೆಗೆ ಬರುತ್ತಾನೆ ಎಂದು ನನಗೆ ಹೊಳೆದಿರಲಿಲ್ಲ.

ಕರೆಯುವ ಮೊದಲೇ ಅವಳು ಬಾಗಿಲಿಗೆ ಬಂದಳು. ತುಟಿಯ ಮೂಲೆಯಲ್ಲಿ ಹೊಸ ರಕ್ತ ಇತ್ತು, ಅದನ್ನು ಒರೆಸಿಕೊಂಡೂ ಇರಲಿಲ್ಲ. ಟೀಚರ್ ಎರಡೂ ಕೈ ಚಾಚಿದರು. ಅವಳು ಹೊಸ್ತಿಲ ಒಳಗೇ ನಿಂತಳು, ನನ್ನನ್ನೇ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಒಪ್ಪಿಸಿದ ಕೆಲಸ ಮುಗಿಸಿ ಬಂದವಳ ಹಾಗೆ ನೋಡಿದಳು.

"ಕೇಳ್ದೆ ಅಕ್ಕ," ಎಂದಳು. "ಬೇಡ ಅಂದ್ರು."