ಬೀಪಕ್ಕ ಮುಖ ತಿರುಗಿಸಿದ್ದು

ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಮನುಷ್ಯನನ್ನು ಎಷ್ಟು ಬಗೆಯಲ್ಲಿ ಅಳೆದು ತೂಗಿ ನೋಡುತ್ತಾರೆ ಅನ್ನುವುದು ಗೊತ್ತಾಗಬೇಕಾದರೆ ಆ ಕ್ಲಿನಿಕ್ಕಿಗೆ ಹೋಗಿ ಒಂದು ಬೆಳಿಗ್ಗೆ ಸುಮ್ಮನೆ ಕೂರಬೇಕು. ಅಲ್ಲಿಗೆ ಕಾಯಿಲೆಯವರು ಯಾರೂ ಬರುವುದಿಲ್ಲ. ಬರುವವರೆಲ್ಲ ಕಲ್ಲುಗುಂಡಿನಂಥ ಜನ, ಆದರೂ ಮುಖ ಮಾತ್ರ ಬಿಳುಚಿಕೊಂಡಿರುತ್ತದೆ. ತೂಕದ ಮಿಷನ್ನು ಹತ್ತುವಾಗ ಉಸಿರು ಬಿಗಿಹಿಡಿಯುತ್ತಾರೆ. ಯಾಕಪ್ಪಾ, ಉಸಿರು ಹಿಡಿದರೆ ತೂಕ ಇಳಿಯುತ್ತದಾ? ಬಿ.ಪಿ. ನೋಡುವಾಗ ಎದೆ ಹಾರಿಸಿಕೊಂಡು ಇಲ್ಲದ ಬಿ.ಪಿ.ಯನ್ನು ತಾವೇ ತಂದುಕೊಳ್ಳುತ್ತಾರೆ. ಮೂತ್ರದ ಡಬ್ಬಿ ಹಿಡಿದು ಬಾತ್‌ರೂಮಿನ ಮುಂದೆ ನಿಂತವರಂತೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇದನ್ನೆಲ್ಲ ದಾಟಿದವರನ್ನು ಕೊನೆಗೆ ಮಹಡಿಯ ಮೇಲೆ ಬೀಪಕ್ಕನ ಹತ್ತಿರ ಕಳಿಸುತ್ತಾರೆ.

ಬೀಪಕ್ಕ ಅಂದರೆ ಕಿವಿ ಪರೀಕ್ಷೆ ಮಾಡುವವಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ ಬಿಡಿ, ಅದನ್ನು ಕರೆಯುವವರು ಯಾರೂ ಉಳಿದಿಲ್ಲ. ಅವಳ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಒಬ್ಬರು ಕೂರುವಷ್ಟೇ ಜಾಗ, ಒಳಗೋಡೆಗೆಲ್ಲ ಬೂದು ಸ್ಪಂಜು, ಎಳೆದರೆ ಮೆಲ್ಲಗೆ ಬರುವ ದಪ್ಪ ಬಾಗಿಲು, ಒಂದು ಗಾಜಿನ ಕಿಟಕಿ. ಕ್ಲಿನಿಕ್ಕಿನವರೆಲ್ಲ ಅದನ್ನು ಡಬ್ಬಿ ಅನ್ನುತ್ತಾರೆ. ಬಂದವರನ್ನು ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟು ಅವಳು ಹೊರಗೆ ಬಂದು ತನ್ನ ಮಿಷನ್ನಿನ ಮುಂದೆ ಕೂರುತ್ತಾಳೆ. "ಬೀಪ್ ಅಂತ ಕೇಳಿಸಿದ ತಕ್ಷಣ ಒತ್ತಿ. ಎಷ್ಟು ಸಣ್ಣಗೆ ಕೇಳಿಸಿದರೂ ಒತ್ತಿ. ಕೇಳಿಸಲಿಲ್ಲ ಅಂದ್ರೆ ಒತ್ತಬೇಡಿ." ಇಷ್ಟೇ ಅವಳ ಪಾಠ. ಅವರು ಒತ್ತಿದರೆ ಅವಳ ಮಿಷನ್ನಿನಲ್ಲಿ ಹಸಿರು ದೀಪ ಹತ್ತುತ್ತದೆ.

ಅವಳಿಗೆ ಆ ಕೆಲಸ ಅಂದರೆ ಪ್ರಾಣ. ಮಧ್ಯಾಹ್ನ ಊಟ ಮುಗಿಸಿ ಯಾರೂ ಇಲ್ಲದಾಗ ತಾನೇ ಡಬ್ಬಿಯೊಳಗೆ ಹೋಗಿ ಬಾಗಿಲೆಳೆದುಕೊಂಡು ಕೂರುವುದೂ ಉಂಟು. ಮೊದಲು ಏನೂ ಇರುವುದಿಲ್ಲ. ಆಮೇಲೆ, ತಡವಾಗಿ, ತನ್ನದೇ ರಕ್ತ ಎಲ್ಲೋ ದೂರದಲ್ಲಿ ಹರಿಯುವ ಸದ್ದು ಬರುತ್ತದೆ. ರೆಪ್ಪೆ ಬಡಿದರೆ ಅದೂ ಕೇಳಿಸುತ್ತದೇನೋ ಅನ್ನಿಸುತ್ತದೆ. ಹೊರಗೆ ಬಂದಾಗ ಕಾರಿಡಾರಿನ ಬಿಸಿಲು, ನರ್ಸಿನ ಚಪ್ಪಲಿ, ಕೆಳಗೆ ಬೀದಿಯ ಹಾರನ್ನು, ಎಲ್ಲವೂ ಈಗಷ್ಟೇ ತೊಳೆದಿಟ್ಟ ಹಾಗೆ ಹೊಸದಾಗಿರುತ್ತವೆ. ಒಂದೈದು ನಿಮಿಷ ಅವಳು ಹಾಗೇ ತೇಲಿಕೊಂಡು ಓಡಾಡುತ್ತಾಳೆ. ಕರೆದರೆ ಬೇಗ ಉತ್ತರ ಬರುವುದಿಲ್ಲ.

ಒಂದು ಚಟ ಮಾತ್ರ ಅವಳಿಗಿತ್ತು. ಮಿಷನ್ನು ಕೂರಿಸಲು ಬಂದವನು ಡಬ್ಬಿಯೊಳಗಿನ ಕುರ್ಚಿಯನ್ನು ಗೋಡೆಯ ಕಡೆಗೆ ಮುಖ ಮಾಡಿಸಿ ಇಟ್ಟು ಹೋಗಿದ್ದ. ಒಳಗಿರುವವರಿಗೆ ನೀವು ಕಾಣಿಸಬಾರದು ಅಂತ ಹೇಳಿಯೂ ಇದ್ದ. ಅವನು ಮೆಟ್ಟಿಲಿಳಿದು ಹೋದದ್ದೇ ತಡ, ಇವಳು ಅದನ್ನು ಗಾಜಿನ ಕಡೆಗೆ ತಿರುಗಿಸಿಬಿಟ್ಟಳು. ಯಾಕೆ ಅಂದರೆ, ಸಣ್ಣ ಸದ್ದಿಗೆ ಕಾಯುವಾಗ ಮನುಷ್ಯರ ಮುಖ ಎಷ್ಟು ಚೆಂದ ಆಗುತ್ತದೆ ಅಂತೀರಿ! ಮೀಸೆ ಹೊತ್ತ ಲಾರಿ ಡ್ರೈವರು, ಗದರಿಕೊಂಡೇ ಮೆಟ್ಟಿಲು ಹತ್ತಿದ ಕಾವಲುಗಾರ, ಎಲ್ಲರೂ ಆ ಕುರ್ಚಿಯಲ್ಲಿ ಬಾಯಿ ಅರ್ಧ ತೆರೆದು ಕಥೆ ಕೇಳುವ ಮಕ್ಕಳಾಗಿಬಿಡುತ್ತಾರೆ. ಅದನ್ನು ನೋಡದೆ ಗೋಡೆ ನೋಡುತ್ತಾ ಕೂರು ಅಂದರೆ ಯಾರಿಗೆ ಬೇಕು ಆ ಕೆಲಸ?

ಇನ್ನು ಅವಳ ಗಂಡನ ವಿಷಯ. ಅವನು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ನೇಯುವವನು. ಸಾಲಾಗಿ ಮಗ್ಗಗಳು ಲಟಲಟ ಬಡಿಯುವಾಗ ಅಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಆ ಜನ ಸ್ವರ ಇಲ್ಲದೆ, ಬರೀ ತುಟಿಯಲ್ಲಿ ಮಾತಾಡುತ್ತಾರೆ. ಈ ತುದಿಯಿಂದ ಆ ತುದಿಗೆ ಮನೆ ಸುದ್ದಿ, ಜಗಳ, ತಮಾಷೆ, ಎಲ್ಲ ತುಟಿಯಲ್ಲೇ. ಮದುವೆಗೆ ಮುಂಚೆ ಅವನು ಬಸ್‌ಸ್ಟಾಪಿನಲ್ಲಿ ರಸ್ತೆಯ ಆಚೆ ಬದಿ ನಿಂತು ಇವಳಿಗೆ ತುಟಿಯಲ್ಲೇ ಏನೋ ಕೇಳಿದ್ದ. ನಡುವೆ ವಾಹನಗಳು ಹೋಗುತ್ತಿದ್ದವು. "ನಾಳೆ ಬರ್ತೀಯಾ?" ಅಂತ ಅವಳಿಗೆ ಅರ್ಥವಾಯಿತು. ತಲೆಯಾಡಿಸಿದ್ದಳು. ಆ ರಸ್ತೆ, ಆ ಧೂಳು, ಧೂಳಿನ ನಡುವೆ ಸದ್ದಿಲ್ಲದೆ ಅಲ್ಲಾಡಿದ ತುಟಿ, ಇವತ್ತಿಗೂ ಕಣ್ಣು ಮುಚ್ಚಿದರೆ ಅವಳಿಗೆ ಹಾಗೇ ಕಾಣುತ್ತದೆ.

ಮದುವೆಯಾದ ಮೇಲೂ ಅವನ ನೋಟ ಬದಲಾಗಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಮುಖವನ್ನೇ ನೋಡುವನು. ಉಪ್ಪು ತನ್ನಿ ಅಂದರೂ ಹಾಗೇ, ಅಳುತ್ತಾ ಏನಾದರೂ ಹೇಳಿಕೊಂಡರೂ ಹಾಗೇ. ನಾದಿನಿ ಬಂದಾಗಲೆಲ್ಲ ರೇಗಿಸುವಳು. "ಅಯ್ಯೋ ಅಣ್ಣಾ, ಅತ್ತಿಗೆ ಮುಖ ಎಲ್ಲೂ ಓಡಿಹೋಗಲ್ಲ, ಸ್ವಲ್ಪ ತಟ್ಟೆ ನೋಡ್ಕೊಂಡು ಉಣ್ಣು! ನಮ್ಮನೆಯವರೂ ಇದ್ದಾರೆ, ನಾನು ಗೋಳೋ ಅಂದ್ರೂ ಪೇಪರಿನಿಂದ ಕಣ್ಣು ಕೀಳಲ್ಲ." ಬೀಪಕ್ಕ ನಾಚಿ ಒಳಗೆ ಹೋಗುವಳು. ಹೊರಗೆ ಹೇಳಿಕೊಳ್ಳದಿದ್ದರೂ ಅವಳ ದೊಡ್ಡ ಐಶ್ವರ್ಯ ಅದೇ. ಅವನು ಫೋನಿನಲ್ಲಿ ಮಾತಾಡುತ್ತಿರಲಿಲ್ಲ, "ಮನೆಗೆ ಬಂದೇ ಮಾತಾಡ್ತೀನಿ ಬಿಡು" ಅನ್ನುವನು. ಅಡುಗೆಮನೆಯಿಂದ ಕೂಗಿದರೆ ಓಗೊಡುತ್ತಿರಲಿಲ್ಲ. ಏನೋ ಯೋಚನೆಯಲ್ಲಿರಬೇಕು ಪಾಪ ಅಂದುಕೊಂಡು ಇವಳೇ ಎದುರಿಗೆ ಬಂದು ನಿಲ್ಲುವಳು. ತಕ್ಷಣ ಆ ನೋಟ. ಅಷ್ಟರಲ್ಲಿ ಕೂಗಿದ್ದೂ ಮರೆತುಹೋಗುತ್ತಿತ್ತು.

ಶೆಡ್ಡು ಮುಚ್ಚಿತು. ಅವನು ಮನೆಯಲ್ಲಿ ಕೂತ. ಮೊದಮೊದಲು ಬಟ್ಟೆ ಮಡಚಿಟ್ಟ, ನಲ್ಲಿ ರಿಪೇರಿ ಮಾಡಿದ, ಗೋಡೆಗೆ ಮೊಳೆ ಹೊಡೆದ. ಹೊಡೆಯಲು ಗೋಡೆ ಮುಗಿದ ಮೇಲೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತಾ ಉಳಿದುಬಿಟ್ಟ. ಗಟ್ಟಿ ಆಳು ಕಣ್ಣೆದುರೇ ಸೊರಗಿದ. ಹಾಗಿರುವಾಗ ಊರಾಚೆಯ ದೊಡ್ಡ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು ಬೇಕು ಅಂತ ಗೊತ್ತಾಯಿತು. ಸರಕಿನ ರಾಶಿಯನ್ನು ಎತ್ತಿ ಹಿಂದೆ ಮುಂದೆ ಹೋಗುವ ಗಾಡಿ ಅದು. ಅವನು ಹೋಗಿ ಓಡಿಸುವುದು ಕಲಿತ, ಪರೀಕ್ಷೆ ಕೊಟ್ಟ, ಆಯ್ಕೆಯೂ ಆದ. ಮನೆಯಲ್ಲಿ ಮತ್ತೆ ಸಿಳ್ಳೆ ಹಾಕಿದ. ಉಳಿದದ್ದು ಆರೋಗ್ಯ ತಪಾಸಣೆ ಒಂದೇ. ಗೋದಾಮಿನವರು ಕಳಿಸಿದ್ದು ಎಲ್ಲಿಗೆ ಅಂತೀರಿ, ಇವಳ ಕ್ಲಿನಿಕ್ಕಿಗೇ.

"ನನ್ನ ಗಂಡ, ನಾನೇ ನೋಡಬಹುದಾ?" ಅಂತ ಬೀಪಕ್ಕ ಡಾಕ್ಟರನ್ನು ಕೇಳಿದಳು.

"ನೀವಲ್ಲದೆ ಆ ಮಿಷನ್ನು ಇಲ್ಲಿ ಯಾರಿಗಮ್ಮಾ ಬರುತ್ತೆ? ನೋಡಿ, ರಿಸಲ್ಟ್ ನನಗೆ ಕಳಿಸಿ" ಅಂದರು ಡಾಕ್ಟರು.

ಅವನು ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ನೀರು ಹಚ್ಚಿ ಬಾಚಿದ ಕೂದಲು. ಕಣ್ಣು, ಎದೆ, ಬೆನ್ನು ಎಲ್ಲದರಲ್ಲೂ ಪಾಸು. ಹೆಡ್‌ಫೋನ್ ಹಾಕುವಾಗ ಇವಳ ಬೆರಳು ಅವನ ಕೆನ್ನೆಗೆ ತಗುಲಿತು, ಇಬ್ಬರೂ ನಕ್ಕರು. ಬಾಗಿಲು ಮುಚ್ಚಿ ಬಂದು ಕೂತಳು. ಗಾಜಿನಾಚೆ ಅವನು, ಈಚೆ ಇವಳು. ಮಧ್ಯಾಹ್ನದ ಬೆಳಕು ಗಾಜಿನ ಮೇಲೆ ಬಿದ್ದು ಅವನು ನೀರಿನೊಳಗೆ ಕೂತ ಹಾಗೆ ಕಾಣುತ್ತಿದ್ದ. ಮತ್ತೆ ಆ ರಸ್ತೆಯ ಆಚೆ ಬದಿಯೇ ಎದುರಿಗೆ ಬಂದು ನಿಂತಂತೆ ಅವಳಿಗೆ ಹಿತವಾಯಿತು.

ಬೀಪ್ ಕಳಿಸಿದಳು. ಹಸಿರು ದೀಪ. ಇನ್ನೂ ಸಣ್ಣದು ಕಳಿಸಿದಳು. ದೀಪ. ಎಳೆಯ ಹುಡುಗರಿಗೂ ಕೇಳದಷ್ಟು ಸಣ್ಣದು. ದೀಪ! ಅಬ್ಬಾ, ಎಂಥ ಕಿವಿ ನನ್ನ ಗಂಡನದು ಅಂತ ಹಿಗ್ಗಿದಳು. ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ತಲೆ ಹಾಕಿ, "ಅಕ್ಕಾ, ನನ್ನ ಕತ್ತರಿ ಇಲ್ಲಿದೆಯಾ?" ಅಂದಳು. ಏನು ಅನ್ನುವ ಹಾಗೆ ಬೀಪಕ್ಕ ಹುಬ್ಬು ಮೇಲೆತ್ತಿದಳು.

ಹಸಿರು ದೀಪ ಹತ್ತಿತು.

ಅವಳು ಯಾವ ಸದ್ದನ್ನೂ ಕಳಿಸಿರಲಿಲ್ಲ. ನರ್ಸು ಹೋದಳು. ಬೀಪಕ್ಕ ಮುಖವನ್ನು ಕಲ್ಲು ಮಾಡಿಕೊಂಡು ಒಂದು ದೊಡ್ಡ ಬೀಪನ್ನೇ ಕಳಿಸಿದಳು. ದೀಪ ಇಲ್ಲ. ಏನೂ ಕಳಿಸದೆ ಹುಬ್ಬು ಎತ್ತಿದಳು. ದೀಪ. ಬೀಪ್ ಕಳಿಸುವ ಗುಂಡಿ ಒತ್ತುವಾಗಲೆಲ್ಲ ತನ್ನ ಹುಬ್ಬು ಮೇಲೇಳುತ್ತದೆ ಅನ್ನುವುದು ಇಷ್ಟು ವರ್ಷ ಅವಳಿಗೇ ಗೊತ್ತಿರಲಿಲ್ಲ. ಅವನಿಗೆ ಕೂತ ಕ್ಷಣದಲ್ಲೇ ಗೊತ್ತಾಗಿತ್ತು.

ಅವಳು ತನ್ನ ಕುರ್ಚಿಯನ್ನು ಎತ್ತಿ ತಿರುಗಿಸಿ, ಗಾಜಿಗೆ ಬೆನ್ನು ಹಾಕಿ ಕೂತಳು. ಮಿಷನ್ನನ್ನು ಮಡಿಲಿಗೆಳೆದುಕೊಂಡು ಮೊದಲಿಂದ ಶುರುಮಾಡಿದಳು. ಸಣ್ಣ ಸದ್ದು, ಇಲ್ಲ. ಮಾತಿನಷ್ಟು ಸದ್ದು, ಇಲ್ಲ. ಕೂಗಿನಷ್ಟು, ಇಲ್ಲ. ಹತ್ತಪ್ಪಾ ದೀಪವೇ, ಒಂದು ಸಲ ಹತ್ತು ಅಂತ ಬಾಯಿಬಿಟ್ಟೇ ಬೇಡಿಕೊಂಡಳು. ಆರೋಗ್ಯವಂತರಾದರೆ ಹೆಡ್‌ಫೋನ್ ಕಿತ್ತೆಸೆದು ಬೈಯುವಷ್ಟು ಜೋರು ಮಾಡಿದಾಗ ಅದು ಹತ್ತಿತು. ಬಲಗಿವಿಯದೂ ಅದೇ ಕತೆ, ಎಡಗಿವಿಯದೂ ಅದೇ.

ಆ ಕುರ್ಚಿಯಲ್ಲಿ ಹಾಗೇ ಕೂತವಳಿಗೆ ಕೆಲಸದ ಯೋಚನೆ ಮೊದಲು ಬರಲಿಲ್ಲ, ನಿಜ ಹೇಳಬೇಕಲ್ಲ. ಮೊದಲು ಬಂದದ್ದು ಆ ನೋಟ. ಹಾಗಾದರೆ ಅದು ಪ್ರೀತಿ ಅಲ್ಲವಾ? ಮಗ್ಗದ ಮುಂದೆ ಕಲಿತ ಕಸುಬಾ? ಉಪ್ಪು ಕೇಳಿದ್ದೋ ಸಕ್ಕರೆ ಕೇಳಿದ್ದೋ ತಿಳಿಯುವುದಕ್ಕೆ ಅವನು ನೋಡುತ್ತಿದ್ದ, ತಾನು ಹುಚ್ಚಿಯ ಹಾಗೆ ನಾಚಿಕೊಳ್ಳುತ್ತಿದ್ದಳು. ತನ್ನ ಬಾಳೆಲ್ಲ ಯಾರೋ ಮೆಲ್ಲಗೆ ತಲೆಕೆಳಗು ಮಾಡಿಟ್ಟ ಹಾಗಾಯಿತು. ಬೀದಿಯ ಸದ್ದೂ ದೂರ ಹೋಯಿತು.

ಎದ್ದು ಡಬ್ಬಿಯೊಳಗೆ ಹೋಗಿ ಬಾಗಿಲೆಳೆದುಕೊಂಡಳು. ಇಬ್ಬರಿಗೆ ಅಲ್ಲಿ ಜಾಗವಿಲ್ಲ, ಅವನ ಮೊಣಕಾಲಿನ ಹತ್ತಿರವೇ ನೆಲದ ಮೇಲೆ ಕುಕ್ಕರಿಸಿದಳು. ಅವನು ಹೆಡ್‌ಫೋನ್ ತೆಗೆದ.

"ಯಾಕೆ ಆ ಕಡೆ ತಿರುಗಿದೆ?" ಅಂದ. "ನೋಡು, ಇನ್ನೊಂದ್ಸಲ ಮಾಡು. ಈ ಕಡೆ ಮುಖ ಮಾಡಿ ಕೂತ್ಕೋ, ಅಷ್ಟೇ. ನೀನೇನೂ ಸುಳ್ಳು ಬರೀಬೇಡ. ನಾನು ಒತ್ತಿದ್ದನ್ನ ಬರಿ, ಸಾಕು. ಮನೇಲಿ ಕೂತು ಕೂತು ಸತ್ತೇ ಹೋಗ್ತೀನಿ ಕಣೇ."

ಆಗಬಹುದಿತ್ತು, ನೋಡಿ. ಯಾರಿಗೂ ತಿಳಿಯುತ್ತಿರಲಿಲ್ಲ. ಕುರ್ಚಿ ಅರ್ಧ ಸುತ್ತು ತಿರುಗಿಸಿದ್ದರೆ ನಾಳೆಯಿಂದ ಮನೆಯಲ್ಲಿ ಮತ್ತೆ ಸಿಳ್ಳೆ.

"ಗಾಡಿ ಹಿಂದಕ್ಕೆ ತಗೊಳ್ಳುವಾಗ ಬೆನ್ನ ಹಿಂದೆ ಯಾರಾದ್ರೂ ನಿಂತ್ಕೊಂಡು ಕೂಗಿದ್ರೆ?" ಅವಳು ಬಿಡಿಸಿ ಬಿಡಿಸಿ ಹೇಳಿದಳು. "ಅವರ ಮುಖ ನಿಮಗೆ ಕಾಣುತ್ತಾ?"

ಅವನು ಬಟನ್ನನ್ನು ಬೆರಳಲ್ಲಿ ತಿರುಗಿಸಿದ. "ಕಾಣಲ್ಲ" ಅಂದ.

"ಯಾವಾಗಿನಿಂದ ಹೀಗೆ?"

"ಮದುವೆಗೆ ಮುಂಚೆಯೇ ಸ್ವಲ್ಪ ಇತ್ತು. ಆಮೇಲೆ ಹೆಚ್ಚಾಯ್ತು. ಹೇಳಿದ್ರೆ ನೀನು ತಂದು ಇದರೊಳಗೆ ಕೂರಿಸ್ತಿದ್ದೆ" ಅಂದು ನಗಲು ನೋಡಿದ. ನಗು ಬರಲಿಲ್ಲ.

"ಕಿವಿಗೆ ಹಾಕ್ಕೊಳ್ಳೋ ಮಿಷನ್ನು ಇರುತ್ತೆ ರೀ, ಅದು ಹಾಕಿಸಿದ ಮೇಲೆ ಬೇರೆ ಯಾವುದಾದ್ರೂ ಕೆಲಸ ನೋಡೋಣ. ಅದಕ್ಕೆ ನಾನಿದ್ದೀನಿ." ಅಷ್ಟು ಹೇಳಿದ ಮೇಲೆ ಅವಳಿಗೆ ಇನ್ನು ತಡೆಯುವುದಕ್ಕಾಗಲಿಲ್ಲ. "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಇಷ್ಟು ವರ್ಷ ನೀವು ನನ್ನ ಮುಖ ನೋಡಿದ್ದು ಮಾತು ಓದೋಕಾ? ಬರೀ ಅದಕ್ಕಾ?"

ಅವಳ ತುಟಿ ನಡುಗುತ್ತಿತ್ತು. ಅವನಿಗೆ ಓದಲು ಕಷ್ಟವಾಗಿರಬೇಕು, ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ. ಅರ್ಥವಾದಾಗ ಅವನಿಗೆ ಸಿಟ್ಟೇ ಬಂತು.

"ಎಂಥ ಪೆದ್ದಿ ನೀನು! ಬೆಳಿಗ್ಗೆ ನಿನಗಿಂತ ಮೊದಲು ಎಚ್ಚರ ಆಗಿ, ನೀನು ಏಳೋವರೆಗೂ ನಿನ್ನ ಮುಖ ನೋಡ್ತಾ ಮಲಗಿರ್ತೀನಿ. ಒಂದು ದಿನ ತಪ್ಪಿಸಿಲ್ಲ. ಆಗ ನೀನೇನು ಮಾತಾಡ್ತಿರ್ತೀಯಾ?"

ಸ್ಪಂಜಿನ ಗೋಡೆಗಳು ಆ ಮಾತನ್ನು ಎಲ್ಲೂ ಹೋಗಗೊಡದೆ ಅಲ್ಲೇ ಇಟ್ಟುಕೊಂಡವು. ಅವಳು ಅವನ ಮೊಣಕಾಲಿಗೆ ಹಣೆ ಇಟ್ಟು ಗಟ್ಟಿಯಾಗಿ ಅತ್ತಳು. ಅವನಿಗೆ ಕೇಳಿಸಲಿಲ್ಲ, ಆದರೆ ಕಾಲು ಒದ್ದೆಯಾದದ್ದು ತಿಳಿದು ತಲೆ ಸವರಿದ. ಕೆಳಗಿನಿಂದ ಡಾಕ್ಟರು ರಿಸಲ್ಟ್ ಎಲ್ಲಿ ಅಂತ ಕೇಳಿ ಕಳಿಸಿದರು. ನರ್ಸು ಗಾಜು ತಟ್ಟಿದಳು.

ಬೀಪಕ್ಕ ಮುಖ ಒರೆಸಿಕೊಂಡು ಹೊರಗೆ ಬಂದಳು. ಕುರ್ಚಿಯನ್ನು ಮತ್ತೆ ಗಾಜಿನ ಕಡೆಗೆ ತಿರುಗಿಸಿ, ಅವನ ಎದುರಿಗೇ ಕೂತು ಪೆನ್ನು ತೆಗೆದಳು. ಈ ಕೆಲಸಕ್ಕೆ ಕಿವಿ ಸಾಲದು ಅಂತ ಬರೆದಳು. ಬರೆಯುತ್ತಾ ಒಂದೊಂದೇ ಪದವನ್ನು ಸ್ವರವಿಲ್ಲದೆ, ತುಟಿಯಲ್ಲಿ, ನಿಧಾನವಾಗಿ ಅವನಿಗೆ ಹೇಳಿದಳು. ಗಾಜಿನಾಚೆ ಅವನು ಕಣ್ಣು ಕೀಳದೆ ಕೊನೆಯವರೆಗೂ ಓದಿ, ತಲೆಯಾಡಿಸಿದ.