ಒಂದು ಗೇಣು ತೆರೆದ ಬಾಗಿಲು

ನಮ್ಮ ಮನೆಯ ಒಳಕೋಣೆಯ ಬಾಗಿಲಿಗೆ ಒಂದು ಖಯಾಲಿಯಿದೆ. ಮುಚ್ಚಿ ಬಂದು ನಡುಮನೆಯಲ್ಲಿ ಕುಳಿತ ಸ್ವಲ್ಪ ಹೊತ್ತಿಗೆ ಅದು ಕಿರ್ರೆಂದು ಒಂದು ಗೇಣು ತೆರೆದುಕೊಂಡು, ಒಳಗಿನಿಂದ ಯಾರೋ ಇಣುಕುತ್ತಿರುವಂತೆ ನಿಂತುಬಿಡುತ್ತದೆ. ಹಗರಿಬೊಮ್ಮನಹಳ್ಳಿಯ ಮಟಮಟ ಮಧ್ಯಾಹ್ನದಲ್ಲಿ, ಕರೆಂಟು ಹೋಗಿ ಫ್ಯಾನೂ ಮೌನವಾದಾಗ ಈ ಸದ್ದು ಕೇಳಿದರೆ, ಕಾರಣ ಬಲ್ಲವರ ಬೆನ್ನೂ ತಣ್ಣಗಾಗುತ್ತದೆ. ಕಾರಣವನ್ನು ನಾನು ಬಲ್ಲೆ. ಬಡಗಿ ಬಾಷಾ ಒಮ್ಮೆ ನೋಡಿ, "ಚೌಕಟ್ಟು ವಾಲೈತ್ರಿ ಸರ್, ಬಿಜಾಗ್ರಿ ಬಿಚ್ಚಿ ಕೂಡ್ಸಿದ್ರ ಮುಗೀತು" ಎಂದಿದ್ದ.

ಕಾರಣ ಬಲ್ಲವನಾಗಿರುವುದೇ ನನ್ನ ಜನ್ಮವ್ಯಾಧಿ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, 'ಸಂದರ್ಭ ಸಹಿತ ವಿವರಿಸಿ' ಎಂಬ ಪ್ರಶ್ನೆಯನ್ನು ಸಾವಿರಾರು ಮಕ್ಕಳಿಗೆ ಕೊಟ್ಟು ಕೊಟ್ಟು, ಕೊನೆಗೆ ಆ ಪ್ರಶ್ನೆಯ ಕೈಗೇ ಸಿಕ್ಕಿಬಿದ್ದವನು ನಾನು. ಕವಿ ಹೂವೆಂದರೆ ಅದು ಹೂವಲ್ಲವೆಂದು ಸಾಧಿಸುವ ತನಕ ನನಗೆ ಸಮಾಧಾನವಿಲ್ಲ. ಸಿನಿಮಾ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿ ಕೊಟ್ರಮ್ಮನಿಗೆ ಕರುಣರಸದ ಲಕ್ಷಣ ವಿವರಿಸಲು ಹೋಗಿ, "ನಿಮ್ಮ ಪಾಠ ಕಾಲೇಜಿನ್ಯಾಗ ಇರ್ಲಿ, ನನಗ ಅಳಾಕ ಬಿಡ್ರಿ" ಎಂದು ಬೈಸಿಕೊಂಡಿದ್ದೇನೆ. ಹಾಗೆ ಬೈಯುವವಳು ಹೋಗಿ ಈಗ ಎರಡು ವರ್ಷ.

ಮಹಾಲಯ ಅಮಾವಾಸ್ಯೆಯಂದು ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರಿಗೆ ಪ್ರಿಯವಾದದ್ದನ್ನೆಲ್ಲ ಕೋಣೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಬಾಗಿಲು ಮುಟ್ಟಬಾರದು. ಕಳೆದ ವರ್ಷ ಕೊಟ್ರಮ್ಮನ ಮೊದಲ ಎಡೆ. ಅವಳಿಗೆ ಇಷ್ಟವೆಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ, ಒಂದು ಲೋಟ ಚಹಾ ಇಟ್ಟು, ನಾನೂ ಮಗಳು ಪಲ್ಲವಿಯೂ ಹೊರಗೆ ಕುಳಿತಿದ್ದೆವು. ಒಳಗೆ ಲೋಟ ಟಣ್ ಎಂದಿತು. ಮಗಳ ಮುಖ ಬೆಳಗಿತು. ನಾನು ಮಾತ್ರ ಎದ್ದು ಬಾಗಿಲು ನೂಕಿ, "ಬೆಕ್ಕು ಬಂದಿರಬೇಕು" ಎಂದೆ. ಒಳಗೆ ಬೆಕ್ಕಿರಲಿಲ್ಲ. ಯಾರೂ ಇರಲಿಲ್ಲ. "ಹಂಗಾರ ಇಲಿ" ಎಂದು ತಿದ್ದಿಕೊಂಡೆ.

"ಅಪ್ಪಾಜಿ, ಅವ್ವ ಇನ್ನೂ ಉಣ್ಣಾಕತ್ತಿದ್ಳು" ಎಂದಳು ಪಲ್ಲವಿ. ಅಷ್ಟೇ. ಅಂದಿನಿಂದ ನನ್ನೊಡನೆ ಅವಳ ಶಬ್ದಸಂಪತ್ತು 'ಹ್ಞೂಂ', 'ಗೊತ್ತಿಲ್ಲ', 'ಉಣ್ಣ್ರಿ' ಎಂಬ ಮೂರಕ್ಕೆ ಇಳಿಯಿತು. ಮನೆಯಲ್ಲಿ ಇದ್ದವರೇ ಇಬ್ಬರು. ಅವರಲ್ಲಿ ಒಬ್ಬಳನ್ನು ನಾನು ನನ್ನ ವಿವರಣೆಯಿಂದಲೇ ಕಳೆದುಕೊಳ್ಳುತ್ತಿದ್ದೆ. ಭಯವಾಯಿತು ಓದುಗರೇ, ನಿಜವಾದ ಭಯ.

ರಜೆಯ ಮಧ್ಯಾಹ್ನಗಳಲ್ಲಿ ಅವಳು ಟಿವಿಯಲ್ಲಿ ಅನಿಮೆ ಎಂಬ ಒಂದು ಜಪಾನಿ ಕಾರ್ಟೂನು ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ ನಾನೂ ಪಕ್ಕದಲ್ಲಿ ಕುಳಿತೆ. ಕತೆ ಏನೆಂದು ಹೇಳಲಿ? ಕಡಲ ದಂಡೆಯ ಒಂದು ಊರು. ಅಲ್ಲಿ ಮೊದಲು ನೆರಳು ಬರುತ್ತದೆ, ಆಳು ಆಮೇಲೆ. ಕೆಲವು ನೆರಳುಗಳ ಹಿಂದೆ ಆಳು ಬರುವುದೇ ಇಲ್ಲ. ಒಬ್ಬ ಹುಡುಗಿ ಪ್ರತಿ ಕಂತಿನಲ್ಲೂ ಆ ನೆರಳುಗಳಿಗೆ ಕೊಡೆ ಹಿಡಿಯುತ್ತಾಳೆ. ಮೂರನೆಯ ಕಂತಿನಲ್ಲಿ ಸತ್ತ ಅಂಚೆಯವನು ಐದರಲ್ಲಿ ಕಾಗದ ಹಂಚುತ್ತಾನೆ, ಯಾರೂ ಬೆಚ್ಚುವುದಿಲ್ಲ. ನಾನು ಬೆಚ್ಚಿ, ಇದು ಕನಸೋ, ಪೂರ್ವಜನ್ಮವೋ, ಕೊಡೆ ಯಾವುದರ ಸಂಕೇತ ಎಂದೆಲ್ಲ ಕೇಳಿದೆ. ಒಂದು ಹಾಳೆಯಲ್ಲಿ ಪಾತ್ರಗಳ ವಂಶವೃಕ್ಷವನ್ನೂ ಬರೆದೆ. ಪಲ್ಲವಿ ಆ ಹಾಳೆಯನ್ನು ಮೆಲ್ಲಗೆ ಕಸಿದುಕೊಂಡು, "ಸುಮ್ನ ನೋಡ್ರಿ ಅಪ್ಪಾಜಿ. ತಿಳೀಲಿಲ್ಲಂದ್ರ ತಿಳೀಲಿಲ್ಲ" ಎಂದಳು. ತಿಂಗಳುಗಳ ನಂತರ ನನಗೆ ಸಿಕ್ಕ ಅತಿ ದೀರ್ಘ ವಾಕ್ಯ ಅದು.

ಸುಮ್ಮನೆ ನೋಡಿದೆ. ಮೊದಲಿಗೆ ಕಷ್ಟವಾಯಿತು, ನಾಲಿಗೆ ತುರಿಸಿತು. ಆಮೇಲೆ ಆ ಊರಿನ ಬೂದು ಬೆಳಕು, ಬರಿದಾದ ಬೀದಿಯಲ್ಲಿ ಮುಂದೆ ಸರಿಯುವ ನೆರಳು, ಕೊಡೆಯ ಮೇಲೆ ಬೀಳುವ ಹನಿಯ ಸದ್ದು ಎಲ್ಲವೂ ತಮ್ಮಷ್ಟಕ್ಕೆ ತಾವೇ ನನ್ನೊಳಗೆ ಇಳಿಯತೊಡಗಿದವು. ಅರ್ಥ ಒಂದಿಷ್ಟೂ ಆಗಲಿಲ್ಲ. ಒಂಬತ್ತನೆಯ ಕಂತಿನಲ್ಲಿ ಮಾತ್ರ ಯಾಕೋ ಹೆಗಲ ಮೇಲಿನ ಟವೆಲಿನಿಂದ ಕಣ್ಣೊತ್ತಿಕೊಂಡೆ. ಪಕ್ಕಕ್ಕೆ ನೋಡಿದರೆ ಮಗಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ರಸಲಕ್ಷಣ ಹೇಳದೆ ನನ್ನ ಟವೆಲ್ ಕೊಟ್ಟೆ.

ಈ ವರ್ಷದ ಅಮಾವಾಸ್ಯೆ ಬಂತು. ಮಂಡಕ್ಕಿಗೆ ನಾನೇ ಒಗ್ಗರಣೆ ಹಾಕಿದೆ. ಎಡೆಯಿಟ್ಟು, ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡು, ಇಬ್ಬರೂ ಹೊರಗೆ ಗೋಡೆಗೆ ಒರಗಿ ಕುಳಿತೆವು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ, ಗಾಳಿಯಿಲ್ಲ. ಬಾಗಿಲ ಕೆಳಗಿನ ಬೆಳಕಿನ ಗೆರೆ ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಯಿತು. ಆಮೇಲೆ, ಕಿರ್ರೆಂದು, ಬಾಗಿಲು ಒಂದು ಗೇಣು ತೆರೆದುಕೊಂಡಿತು.

ಪಲ್ಲವಿ ನನ್ನ ತೋಳು ಹಿಡಿದಳು. ಅವಳ ಬೆರಳುಗಳು ಮಂಜುಗಡ್ಡೆಯಾಗಿದ್ದವು. ನನ್ನನ್ನೇ ನೋಡುತ್ತಿದ್ದಳು, ನಾನೇನು ಹೇಳುವೆನೆಂದು. ವಾಲಿದ ಚೌಕಟ್ಟು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಉಪ್ಪು ಕಡಿಮಿ ಆಗೈತಿ ಅಂತ ಹೇಳಾಕ ಬಂದಾಳ ನೋಡು ನಿಮ್ಮವ್ವ" ಎಂದೆ.

ಮಗಳು ನಕ್ಕಳು, ನಗುತ್ತಲೇ ಅತ್ತಳು. ಎದ್ದು ಮುಚ್ಚಲು ಇಬ್ಬರೂ ಹೋಗಲಿಲ್ಲ. ಆಮೇಲೆ ಪ್ರಸಾದವೆಂದು ಮಂಡಕ್ಕಿ ಬಾಯಿಗೆ ಹಾಕಿಕೊಂಡರೆ, ಉಪ್ಪು ನಿಜವಾಗಿಯೂ ಕಡಿಮೆಯಿತ್ತು.

ನಾನು ಹಿಂದೆಂದೋ ಹೇಳಿಟ್ಟಿದ್ದಂತೆ ಮರುವಾರ ಬಾಷಾ ಉಳಿ ಸುತ್ತಿಗೆ ಹಿಡಿದು ಬಂದ. ಚಹಾ ಕುಡಿಸಿ, ಬಾಗಿಲು ಹಾಗೇ ಇರಲಿ ಎಂದೆ. "ಯಾಕ್ರಿ ಸರ್?" ಎಂದು ಕೇಳಿದ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನಲ್ಲಿ ವಿವರಣೆ ಇರಲಿಲ್ಲ. ಟಿವಿಯ ಮುಂದಿನಿಂದ ಪಲ್ಲವಿಯೇ, "ಇರ್ಲಿ ಬಿಡ್ರಿ ಕಾಕಾ. ಅಪ್ಪಾಜಿ, ಬರ್ರಿ, ಶುರುವಾತು" ಎಂದು ಕೂಗಿದಳು.

ಈಗಲೂ ಮಧ್ಯಾಹ್ನ ಅನಿಮೆ ನೋಡುತ್ತ ಕುಳಿತಾಗ ಆ ಬಾಗಿಲು ಕಿರ್ರೆನ್ನುತ್ತದೆ. ನಾವು ತಿರುಗಿ ನೋಡುವುದಿಲ್ಲ. ನಾನು ಸುಮ್ಮನೆ ಒಂದಿಷ್ಟು ಸರಿದು, ಇಬ್ಬರ ನಡುವೆ ಜಾಗ ಬಿಡುತ್ತೇನೆ.