ಅರ್ಧ ಸುತ್ತು ಸಡಿಲ

ಮುಂಡಗೋಡದ ಗಂಡನ ಮನೆಯಿಂದ ದಾಂಡೇಲಿಯ ತವರಿಗೆ ಬಂದಾಗ ನಾನು ತಂದದ್ದು ಒಂದು ಬಟ್ಟೆಯ ಚೀಲ ಮತ್ತು ಒಂದು ಗೇಮಿಂಗ್ ಕಂಪ್ಯೂಟರ್. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಅದರ ಗಾಜಿನ ಬದಿಯೊಳಗೆ ಇಣುಕಿ, ಮೀನು ಸಾಕೋ ಡಬ್ಬಿಯೇನು ಎಂದು ಕೇಳಿದಳು. ಹೌದು ಅಂದೆ. ಗಂಡನನ್ನು ಬಿಟ್ಟು ಬರುತ್ತಿದ್ದೇನೆ ಅನ್ನುವುದಕ್ಕಿಂತ ಅದು ಸುಲಭವಾಗಿತ್ತು.

ಅದನ್ನು ನಾನು ಆಟಕ್ಕೆ ಕೊಂಡಿರಲಿಲ್ಲ. ಮದುವೆ ವಿಡಿಯೋ, ಜೊಯಿಡಾ ಕಡೆಯ ಹೋಮ್‌ಸ್ಟೇಗಳ ಜಾಹೀರಾತು ಎಡಿಟ್ ಮಾಡುವುದು ನನ್ನ ಕೆಲಸ. ಆಟಕ್ಕೆ ಬೇಕಾದ ತಾಕತ್ತೇ ವಿಡಿಯೋಕ್ಕೂ ಬೇಕು. ಬಿಡಿಬಿಡಿಯಾಗಿ ತಂದು ಜೋಡಿಸುವ ತಲೆನೋವು ಬೇಡವೆಂದು ಹುಬ್ಬಳ್ಳಿಯ ಅಂಗಡಿಯೊಂದರಿಂದ ಎಲ್ಲ ಜೋಡಿಸಿ ಮುಗಿಸಿದ ಸಿದ್ಧ ಪೆಟ್ಟಿಗೆಯನ್ನೇ ತಂದಿದ್ದೆ. ಕೆಂಪು ನೀಲಿ ದೀಪಗಳು ಅದರ ಜೊತೆ ಪುಕ್ಕಟೆ ಬಂದವು. ಗಂಡನಿಗೆ ದೀಪ ಕಂಡವೇ ಹೊರತು ಕೆಲಸ ಕಾಣಲಿಲ್ಲ. ಕೊನೆಯ ಸಲ ಅವನು ನನ್ನ ಬೆನ್ನಿಗೆ ಹೊಡೆದದ್ದು ಕೀಬೋರ್ಡಿನಿಂದ. ಹೊಸ ಕೀಬೋರ್ಡನ್ನು ತವರಿಗೆ ಬಂದ ಮೇಲೆ ತೆಗೆದುಕೊಂಡೆ.

ದಾಂಡೇಲಿಯ ಅಂಬೇವಾಡಿಯಲ್ಲಿದ್ದ ನಮ್ಮ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ ಇದ್ದರು. ಅಪ್ಪ ಕಾರ್ಖಾನೆಯಲ್ಲಿ ವೈರ್‌ಮನ್ ಆಗಿದ್ದು ನಿವೃತ್ತನಾದವನು. ಓಣಿಯಲ್ಲಿ ಯಾರ ಮನೆಯ ಮೋಟಾರು ಸುಟ್ಟರೂ ಇವನೇ ಬೇಕು. ಈಚೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ ಹೆದರಿಕೆ, ಆದ್ದರಿಂದ ಚಳಿಗಾಲ ಮುಗೀಲಿ, ಬೇಸಿಗೆ ಮುಗೀಲಿ ಎಂದು ಮುಂದಕ್ಕೆ ಹಾಕುತ್ತಿದ್ದ. ನಾನು ಬಂದಾಗ ಬೈಯಲಿಲ್ಲ. ಬೆನ್ನು ನೋಡಲಿಲ್ಲ. ನಡುಮನೆಯ ಪ್ಲಗ್ಗಿನ ಪಕ್ಕ ಮೇಜು ಹಾಕಿಕೊಟ್ಟ. ಒಂದು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ನನ್ನನ್ನು ಕೇಳಿದ.

"ಅವ್ವಾ, ಹಿಂಗ ಎಷ್ಟ ದಿನಾ ಇರ್ತಿ?"

"ಕೆಲಸಾ ಇರೂ ತನಕಾ ಇರ್ತೇನಿ. ನಿಮ್ಮ ಮ್ಯಾಲ ಭಾರ ಆಗೂದಿಲ್ಲ."

"ಕೆಲಸಾ ನಿಂತ್ರ?"

"ನಿಂತ್ರ ಏನ್ಮಾಡೂದು, ಹೋಗಬೇಕಾಗ್ತೈತಿ," ಎಂದೆ. ಮಜ್ಜಿಗೆ ಕಲಸಿಕೊಳ್ಳುತ್ತ, ಬೇರೆ ಏನೋ ಯೋಚಿಸುತ್ತ ಹೇಳಿದ ಮಾತು.

ಅದಾಗಿ ಸ್ವಲ್ಪ ದಿನಕ್ಕೆ ಯಂತ್ರ ನಿಲ್ಲಲು ಶುರುವಾಯಿತು. ಖಾಲಿ ಕೂತಾಗ ಚೆನ್ನಾಗಿರುತ್ತಿತ್ತು. ಎಡಿಟ್ ಮಾಡುವಾಗಲೂ ಪರವಾಗಿಲ್ಲ. ಎಲ್ಲ ಮುಗಿಸಿ, ಇಡೀ ವಿಡಿಯೋವನ್ನು ಒಂದು ಫೈಲ್ ಮಾಡಿ ಹೊರಗೆ ತೆಗೆಯುವ ಹೊತ್ತಿಗೆ, ಅಂದರೆ ಯಂತ್ರ ಮೈಮುರಿದು ದುಡಿಯಬೇಕಾದ ಹೊತ್ತಿಗೆ, ಟಪ್ ಎಂದು ಆರಿಹೋಗುತ್ತಿತ್ತು. ಎಚ್ಚರಿಕೆ ಇಲ್ಲ, ಕೆಟ್ಟಾಗ ಬರುವ ನೀಲಿ ಪರದೆ ಇಲ್ಲ. ಮತ್ತೆ ಹಚ್ಚಿದರೆ ಏನೂ ಆಗಿಲ್ಲದಂತೆ ದೀಪ ಕುಣಿಸಿಕೊಂಡು ಎದ್ದು ಕೂರುತ್ತಿತ್ತು.

ಅಪ್ಪ ತಾನಾಗಿಯೇ ಬಂದು ಪಕ್ಕ ಕೂತ. ಕಂಪ್ಯೂಟರಿನ ಗಂಧ ಗಾಳಿ ಅವನಿಗಿರಲಿಲ್ಲ, ಆದರೆ ಕೆಟ್ಟದ್ದನ್ನು ಹುಡುಕುವುದು ಗೊತ್ತಿತ್ತು. "ಒಮ್ಮಿಗೆ ಒಂದ ಬದಲ್ ಮಾಡು. ಎರಡು ಮಾಡಿದ್ರ ಯಾವುದು ಕೆಟ್ಟಿತ್ತು ಅಂತ ತಿಳಿಯೂದಿಲ್ಲ," ಎಂದ. ನಾನು ಮೊಬೈಲಿನಲ್ಲಿ ಓದಿ ಹೇಳುವುದು, ಅವನು ಕೇಳಿ ತಲೆಯಾಡಿಸುವುದು, ಇಬ್ಬರೂ ಸೇರಿ ಮಾಡುವುದು. ಮೊದಲು ಬಿಸಿ ಎಂದು ಅನುಮಾನ ಬಂತು. ಹಿತ್ತಲಿಗೆ ಒಯ್ದು ಬ್ಲೋವರ್ ಹಿಡಿದು ಧೂಳು ಹಾರಿಸಿದೆವು. ಫ್ಯಾನು ಗಾಳಿಗೆ ಗರಗರ ತಿರುಗಿ ಕೆಡಬಾರದೆಂದು ಅವನು ಅದರ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡ. ಮತ್ತೆ ನಿಂತಿತು. ರ್‍ಯಾಮ್ ಪಟ್ಟಿಗಳನ್ನು ತೆಗೆದು ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಕೂರಿಸಿದೆವು. ಮತ್ತೆ ನಿಂತಿತು. ಗ್ರಾಫಿಕ್ಸ್ ಕಾರ್ಡು ತನ್ನ ಭಾರಕ್ಕೆ ತಾನೇ ಜೋತು ಬಿದ್ದಿತ್ತು. ಅಪ್ಪ ಕೈಯಿಂದ ಸವರಿ ನೋಡಿ, ಹಿತ್ತಲಿನ ಬಿದಿರಿನ ತುಂಡೊಂದನ್ನು ಕೆತ್ತಿ ಅದರ ಕೆಳಗೆ ಆಸರೆ ಕೊಟ್ಟ. ಎಷ್ಟು ಅಚ್ಚುಕಟ್ಟಾಗಿ ಕೆತ್ತಿದ್ದನೆಂದರೆ ಅದು ಅಂಗಡಿಯಿಂದಲೇ ಬಂದಂತಿತ್ತು. ಆದರೂ ನಿಂತಿತು. ಕಡೆಗೆ, ಕರೆಂಟ್ ಹೋದಾಗ ಯಂತ್ರ ಆರದಿರಲೆಂದು ನಾನು ಕೊಂಡು ತಂದಿಟ್ಟಿದ್ದ ಯುಪಿಎಸ್ ಮೇಲೆ ಬೆರಳು ತೋರಿಸಿದ. ಇಷ್ಟು ಸಣ್ಣ ಯುಪಿಎಸ್ಸು ಇಂಥ ಯಂತ್ರದ ಭಾರ ತಾಳುವುದಿಲ್ಲ, ತೆಗೆದು ನೇರ ಗೋಡೆಗೆ ಹಚ್ಚು ಎಂದ. ಮಾತು ಸುಳ್ಳೇನಲ್ಲ. ತೆಗೆದೆ. ಆದರೂ ನಿಲ್ಲುವುದು ತಪ್ಪಲಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ, ಅಪ್ಪನ ಜೊತೆ ನಾನು ಅಷ್ಟು ಸುಖವಾಗಿ ಇದ್ದದ್ದು ಅದೇ ಮೊದಲು. ಸಣ್ಣವಳಿದ್ದಾಗ ಅವನು ಪಾಳಿ ಮುಗಿಸಿ ಬಂದು ಮಲಗುತ್ತಿದ್ದ, ನಾವು ಪಿಸುಗುಡುತ್ತ ಓಡಾಡುತ್ತಿದ್ದೆವು. ಈಗ ಇಡೀ ಮಧ್ಯಾಹ್ನ ನನ್ನ ಮಗ್ಗುಲಲ್ಲಿ. ನಾನು ಟಾರ್ಚ್ ಹಿಡಿದು ಎಡಕ್ಕೆ, ಇನ್ನಷ್ಟು ಎಡಕ್ಕೆ ಎಂದರೆ ಅವನು ಸ್ಕ್ರೂವಿನ ಗೀರಿಗೆ ಟೆಸ್ಟರಿನ ತುದಿ ಕೂರಿಸುತ್ತಿದ್ದ. ಒಬ್ಬನೇ ಕೂರಿಸುವುದು ಅವನಿಂದ ಆಗುತ್ತಿರಲಿಲ್ಲ. ಗಂಡನ ಮನೆಯಲ್ಲಿ ಬೆನ್ನು ಒಡೆದರೂ ಅಳದವಳು ಬಿದಿರಿನ ಆ ತುಂಡು ನೋಡಿ ಬಚ್ಚಲಿಗೆ ಹೋಗಿ ಅತ್ತಿದ್ದೆ. ದಡ್ಡತನಕ್ಕೂ ಒಂದು ಮಿತಿ ಇರಬೇಕು, ನನಗಿರಲಿಲ್ಲ.

ನನಗೆ ಕೆಲಸ ಕೊಡುತ್ತಿದ್ದವರು ಹಳಿಯಾಳದ ಒಬ್ಬ ಫೋಟೋ ಸ್ಟುಡಿಯೋದವರು. ಅವರು ಶೂಟ್ ಮಾಡುವುದು, ನಾನು ಎಡಿಟ್ ಮಾಡುವುದು. ಎರಡು ಸಲ ವಿಡಿಯೋ ತಡವಾಗಿ ಕೊಟ್ಟ ಮೇಲೆ ಅವರ ದನಿ ಬದಲಾಯಿತು. ಯಂತ್ರವನ್ನೇ ಆಟೋದಲ್ಲಿ ಹಾಕಿಕೊಂಡು ಅವರ ಅಂಗಡಿಗೆ ಹೋದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ದುಡಿಸಿದೆವು. ಅದು ಕೆಮ್ಮಲೂ ಇಲ್ಲ.

"ನಿಮ್ಮ ಮಷೀನ್ ಗಟ್ಟಿ ಐತ್ರಿ. ನಿಮ್ಮ ಮನಿ ಲೈನ್ ನೋಡಸ್ರಿ," ಎಂದರು ಸ್ಟುಡಿಯೋದವರು.

ಮನೆಗೆ ಬಂದು ಹೇಳಿದೆ. ಅಪ್ಪ, ನಾನ ನೋಡ್ತೇನಿ ಎಂದ. ಮೇನ್ ಸ್ವಿಚ್ ಆರಿಸಿ, ನನ್ನ ಕೈಯಲ್ಲಿ ಟಾರ್ಚ್ ಹಿಡಿಸಿ, ಪ್ಲಗ್ಗಿನ ಬೋರ್ಡ್ ಬಿಚ್ಚಿದ. ಒಳಗೆ ನ್ಯೂಟ್ರಲ್ ವೈರಿನ ಸ್ಕ್ರೂ ಸಡಿಲಾಗಿತ್ತು, ಅಷ್ಟೆ. ಯಂತ್ರ ಕಡಿಮೆ ಕರೆಂಟ್ ಎಳೆಯುವಾಗ ಅಂಥ ಸಡಿಲು ಗೊತ್ತಾಗುವುದಿಲ್ಲ, ಜೋರಾಗಿ ಎಳೆದಾಗ ಅಲ್ಲಿ ಕಿಡಿ ಆಡಿ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ ಎಂದು ವಿವರಿಸಿದ. "ಹಳೇ ಮನಿ ನೋಡವ್ವಾ, ಹಿಂಗ ಆಗ್ತಾವ." ಬಿಗಿ ಮಾಡಿದ. ಖುಷಿಯಲ್ಲಿ ನಾನು ಚಹಾ ಮಾಡಿ ತಂದೆ. ಚಹಾ ಕುಡಿಯುತ್ತ ಕಾರ್ಖಾನೆಯ ಮಾತು ತೆಗೆದ. ಅಲ್ಲಿ ದೊಡ್ಡ ಪ್ಯಾನೆಲ್ಲುಗಳಲ್ಲಿ ಸ್ಕ್ರೂ ಬಿಗಿ ಮಾಡಿದ ಮೇಲೆ ಸ್ಕ್ರೂ ಮತ್ತು ಅದರ ಬುಡ ಎರಡರ ಮೇಲೂ ಹಾಯುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರಂತೆ. ಗೆರೆ ನೆಟ್ಟಗಿದ್ದರೆ ಸ್ಕ್ರೂ ಕದಲಿಲ್ಲ, ಮುರಿದಿದ್ದರೆ ತಿರುಗಿದೆ ಎಂದರ್ಥ.

ನನಗೆ ಅದು ಬಹಳ ಹಿಡಿಸಿತು. ಅಪ್ಪ ಅಂಗಡಿಗೆ ಹೋದಾಗ ಬೋರ್ಡ್ ಮತ್ತೆ ಬಿಚ್ಚಿ ಒಳಗಿನ ಸ್ಕ್ರೂಗಳಿಗೆಲ್ಲ ಉಗುರಿನ ಬಣ್ಣದಿಂದ ಎಳೆಯಷ್ಟು ತೆಳ್ಳಗೆ ಗೆರೆ ಎಳೆದೆ. ಆ ಸಂಜೆ ಅವನಿಗೆ ಹೇಳಲು ಮರೆತೆ, ಆಮೇಲೆ ನೆನಪಾಗಲಿಲ್ಲ.

ಅದಾದ ಮೇಲೆ ಯಂತ್ರ ಚೆನ್ನಾಗಿ ನಡೆಯಿತು. ಸ್ಟುಡಿಯೋದವರು ನಂಬಿ ಹಳಿಯಾಳದ ಕಡೆಯ ಸಿದ್ದಿ ಕೇರಿಯ ಮದುವೆಯೊಂದನ್ನು ಕೊಟ್ಟರು. ಹೋಗಿ ಎಲ್ಲ ಶೂಟಿಂಗು ನನ್ನ ಡಿಸ್ಕಿಗೆ ತುಂಬಿಕೊಂಡು ಬಂದೆ. ಅವರು ತಮ್ಮ ಮೆಮರಿ ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗೆ ಒಯ್ದರು. ಹುಡುಗಿಯ ಅಜ್ಜಿ ಡಮಾಮಿ ಡೋಲು ಬಾರಿಸುವವನ ಕೈಯಿಂದ ಕೋಲು ಕಿತ್ತುಕೊಂಡು ಕುಣಿದದ್ದು ಅದರಲ್ಲಿತ್ತು. ಅದನ್ನು ಕತ್ತರಿಸುವ ಮನಸ್ಸಾಗದೆ ಇಡಿಯಾಗಿ ಬಿಟ್ಟಿದ್ದೆ. ಮದುವೆಯವರು ಮುಗಿದ ವಿಡಿಯೋ ಕೇಳಿದ್ದ ದಿನ ಬೆಳಿಗ್ಗೆ, ಇನ್ನೊಂದು ಡಿಸ್ಕಿಗೆ ಕಾಪಿ ಹಾಕುತ್ತ, ಫೈಲ್ ತೆಗೆಯಲು ಹಚ್ಚಿದೆ. ದೀಪ ಮಿಣುಕಿದವು. ಆರಿತು, ಹತ್ತಿತು, ಮತ್ತೆ ಆರಿತು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಪೆಟ್ಟಿಗೆಯ ಹಿಂದಿನಿಂದ ಪಟಾಕಿಯ ಸದ್ದು ಬಂತು, ಸುಟ್ಟ ವಾಸನೆ ಬಂತು. ಪವರ್ ಸಪ್ಲೈ ಹೋಗಿತ್ತು. ಹೋಗುವಾಗ ಎರಡೂ ಡಿಸ್ಕುಗಳನ್ನು ಕರೆದುಕೊಂಡೇ ಹೋಗಿತ್ತು.

ಹುಬ್ಬಳ್ಳಿಗೆ ಕಳಿಸಿದೆವು. ಪೆಟ್ಟಿಗೆಗೆ ಹೊಸ ಪವರ್ ಸಪ್ಲೈ ಹಾಕಿ ಬದುಕಿಸಿದರು, ಡಿಸ್ಕಿನಲ್ಲಿದ್ದದ್ದು ಬರಲಿಲ್ಲ. ಸ್ಟುಡಿಯೋದವರ ಅಂಗಡಿಯಲ್ಲಿ ಹುಡುಗಿಯ ತಾಯಿಗೆ ನಾನೇ ಹೇಳಬೇಕಾಯಿತು.

"ನಮ್ಮವ್ವ ಕುಣದದ್ದರ ಉಳದೈತೇನ್ರಿ ಬಾಯಾರ?"

"ಇಲ್ರಿ."

"ಒಂಚೂರೂ ಇಲ್ರಿ?"

ಒಂಚೂರೂ ಇಲ್ಲ ಎಂದೆ. ಆಕೆ ಬೈಯಲಿಲ್ಲ, ಸೆರಗು ಸರಿ ಮಾಡಿಕೊಂಡು ಎದ್ದು ಹೋದಳು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಆಕೆ ಹೋದ ಮೇಲೆ ಸ್ಟುಡಿಯೋದವರು, ಇನ್ನ ಮ್ಯಾಲ ಬ್ಯಾಡ್ರಿ ಎಂದು ಕೈ ಮುಗಿದರು. ಕೆಲಸ ಅಲ್ಲಿಗೆ ನಿಂತಿತು.

ಮನೆಗೆ ಬಂದಾಗ ಅಪ್ಪ ಮುಂಡಗೋಡದ ಅಳಿಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಚಪ್ಪಲಿಯನ್ನೂ ಬಿಡದೆ ಮೇನ್ ಆರಿಸಿ, ಅವನ ಟೆಸ್ಟರ್ ತೆಗೆದುಕೊಂಡು ಬೋರ್ಡ್ ಬಿಚ್ಚಿದೆ. ಯಾಕೆ ಬಿಚ್ಚಿದೆನೋ ಸರಿಯಾಗಿ ಹೇಳಲಾರೆ. ಬಹುಶಃ ಅಪ್ಪ ಕಲಿಸಿದ ಕ್ರಮದಲ್ಲಿ ಅದೊಂದೇ ನೋಡುವುದು ಉಳಿದಿತ್ತು. ಫೇಸಿನ ಗೆರೆ ನೆಟ್ಟಗಿತ್ತು. ಅರ್ಥಿಂಗಿನದೂ ನೆಟ್ಟಗಿತ್ತು. ನ್ಯೂಟ್ರಲ್ಲಿನ ಗೆರೆ ಮುರಿದು, ಅದರ ಅರ್ಧ ಭಾಗ ಸ್ಕ್ರೂವಿನ ತಲೆಯ ಮೇಲೆ ಆ ಕಡೆ ತಿರುಗಿ ನಿಂತಿತ್ತು. ಅದರ ಸುತ್ತ ಪ್ಲಾಸ್ಟಿಕ್ಕು ಕಂದಿತ್ತು. ಗೋಡೆಯಲ್ಲಿ ಕೂತ ಸ್ಕ್ರೂ ಅಷ್ಟು ಬೇಗ ತಾನಾಗಿ ತಿರುಗುವುದಿಲ್ಲ. ಅಪ್ಪ ನನ್ನ ಹಿಂದೆ ಬಂದು ನಿಂತಿದ್ದ. ಅವನ ಕಣ್ಣಿಗೆ ಆ ಗೆರೆ ಕಂಡೇ ಇರಲಿಲ್ಲ.

"ಅಪ್ಪಾ, ಇದನ್ನ ಯಾರು ತಿರುವಿದ್ರು?"

ಅವನು ಸುಳ್ಳು ಹೇಳಲಿಲ್ಲ. ಅದೊಂದು ದೊಡ್ಡಸ್ತಿಕೆ ಅವನಿಗಿತ್ತು.

"ಅರ್ಧ ಸುತ್ತು, ಅಷ್ಟ. ಸುಡ್ತೈತಿ ಅಂತ ಗೊತ್ತಿರಲಿಲ್ಲವ್ವಾ. ಬರೇ ನಿಲ್ಲಲಿ ಅಂತ ಮಾಡಿದ್ದೆ. ಕೆಲಸಾ ನಿಂತ್ರ ಹೋಗ್ತೇನಿ ಅಂದಿದ್ದಿ."

"ಮೊದಲಿಂದೂ ನೀನ?"

"ಹೂಂ."

ಧೂಳು ಹಾರಿಸಿದ್ದು, ರಬ್ಬರಿನಿಂದ ಉಜ್ಜಿದ್ದು, ಬಿದಿರು ಕೆತ್ತಿದ್ದು, ಎಲ್ಲವನ್ನೂ ಇವನು ಗೊತ್ತಿದ್ದೇ ನನ್ನ ಜೊತೆ ಕೂತು ಮಾಡಿದ್ದ. ಯುಪಿಎಸ್ ಇದ್ದಿದ್ದರೆ ನಾನು ಇನ್ನೂ ಸ್ವಲ್ಪ ದಿನ ತಳ್ಳುತ್ತಿದ್ದೆನೇನೋ, ಅದನ್ನೂ ತೆಗೆಸಿದ. ಆದರೆ ಇನ್ನೊಂದು ಲೆಕ್ಕ ಹತ್ತಲಿಲ್ಲ. ಟಾರ್ಚ್ ಹಿಡಿದು ಎಡ, ಬಲ ಎನ್ನುವವರು ಇಲ್ಲದೆ ಆ ಸಣ್ಣ ಗೀರಿಗೆ ಟೆಸ್ಟರ್ ಕೂರಿಸುವುದು ಅವನಿಂದ ಸಾಧ್ಯವೇ ಇರಲಿಲ್ಲ. ಅಡಿಗೆಮನೆಯ ಕಡೆ ತಿರುಗಿದೆ. ಅವ್ವ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಬ್ಯಾಟರಿ ನಾನ ಹಿಡದಿದ್ದೆ," ಎಂದಳು. "ನಿಮ್ಮಪ್ಪಗ ಕಣ್ಣು ಕಾಣೂದಿಲ್ಲ. ಕರೆಂಟ್ ಹೊಡದು ಏನರ ಆಗಿದ್ರ?"

ಅವಳಿಗೆ ಕಾಳಜಿ ಇಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ನನ್ನ ಬೆನ್ನಿನ ಗುರುತುಗಳಿಗೆ ಎಣ್ಣೆ ಹಚ್ಚಿದವಳೂ ಅವಳೇ. ಆ ಕೈಯನ್ನು ಕಡಿದು ಹಾಕಬೇಕು ಅನ್ನಿಸಿತು, ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ತಾಯಿಯ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಓದುವುದನ್ನು ಇಲ್ಲಿಗೇ ಬಿಡಬಹುದು.

ಗೊತ್ತಾದ ಮೇಲೂ ಯಾಕೆ ತಿರುಗಿ ಗಂಡನ ಮನೆಗೆ ಹೋದೆ ಎಂದು ಕೇಳುತ್ತಾರೆ. ಎಲ್ಲಿಗೆ ಹೋಗಬೇಕಿತ್ತು, ಹೇಳಿ. ಕೆಲಸ ಹೋಗಿತ್ತು. ಅಲ್ಲಿ ಹೊಡೆಯುವವನು ಎದುರಿಗೆ ನಿಂತು ಹೊಡೆಯುತ್ತಾನೆ, ಕೈ ಎತ್ತುವುದು ಕಾಣುತ್ತದೆ. ತವರಿನಲ್ಲಿ ಮಗ್ಗುಲಲ್ಲೇ ಕೂತು ಚಹಾ ಕುಡಿಯುತ್ತಾರೆ. ಅವತ್ತಿನ ಸಿಟ್ಟಿನಲ್ಲಿ ನನಗೆ ಮೊದಲನೆಯದೇ ವಾಸಿ ಅನ್ನಿಸಿತು. ಅದು ತಪ್ಪು ಲೆಕ್ಕ ಎಂದು ಅಲ್ಲಿಗೆ ಹೋಗಿ ವಾರ ತುಂಬುವುದರೊಳಗೇ ತಿಳಿಯಿತು.

ಅಪ್ಪ ಬಾಡಿಗೆ ವ್ಯಾನಿನಲ್ಲಿ ನನ್ನನ್ನೂ ಯಂತ್ರವನ್ನೂ ತಂದು ಮುಂಡಗೋಡಕ್ಕೆ ಬಿಟ್ಟ. ಬಿಟ್ಟು ಕೂಡಲೇ ತಿರುಗಿ ಹೋಗಲಿಲ್ಲ. ಯಾರೂ ಕೇಳದೇ ಇದ್ದರೂ ಯಂತ್ರಕ್ಕೆಂದೇ ಮೀಟರಿನಿಂದ ಬೇರೆ ಲೈನ್ ಎಳೆದ. ದಪ್ಪ ತಂತಿ, ಹೊಸ ಬೋರ್ಡು. ಹಿತ್ತಲಲ್ಲಿ ಗುಂಡಿ ತೋಡಿಸಿ ಉಪ್ಪು ಇದ್ದಲಿ ಹಾಕಿ ಅರ್ಥಿಂಗ್ ಮಾಡಿದ. ಗಂಡ ಪಕ್ಕದಲ್ಲೇ ನಿಂತು ಬೆಳಕು ಹಿಡಿದ. "ಭಾಳ ಚಂದ ಮಾಡೀರಿ ಮಾವಾರ," ಎಂದ. ಅಪ್ಪ ಕೈ ಒರೆಸಿಕೊಂಡು, ಇನ್ನ ಇದು ನಿಲ್ಲೂದಿಲ್ಲ ನೋಡ್ರಿ ಎಂದು ಅವನಿಗೆ ಹೇಳಿದ. ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರು, ನಾನು ಬಡಿಸಿದೆ.

ಅಪ್ಪನ ಮಾತು ಖರೆ. ಅವತ್ತಿನಿಂದ ಯಂತ್ರ ಒಂದು ಸಲವೂ ನಿಂತಿಲ್ಲ. ಇಲ್ಲಿಯ ಸಣ್ಣಪುಟ್ಟ ಕೆಲಸ ಸಿಗುತ್ತವೆ, ಇದನ್ನು ಬರೆಯುತ್ತಿರುವುದೂ ಅದರ ಮೇಲೆಯೇ. ಅಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಮಷೀನ್ ನಡೀತೈತಿಲ್ಲ ಎಂದು ಕೇಳುತ್ತಾನೆ. ನಡೀತೈತಿ ಅನ್ನುತ್ತೇನೆ. ಪ್ಲಗ್ ಬಿಸಿ ಆಗ್ತೈತೇನು, ಮುಟ್ಟಿದರೆ ಜುಮ್ ಅಂತೈತೇನು, ಫ್ಯಾನಿನ ಧೂಳು ತೆಗೆದಿಯೇನು, ಎಲ್ಲ ಕೇಳುತ್ತಾನೆ. ಒಂದಕ್ಕೂ ಅವಸರ ಮಾಡುವುದಿಲ್ಲ. ಗಂಡ ಇನ್ನೂ ಹೊಡೆಯುತ್ತಾನೇನು ಎಂದು ಈವರೆಗೆ ಕೇಳಿಲ್ಲ.